ಕೂಡಿಟ್ಟ ರಜೆ

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಕಾರಿಡಾರಿನ ತುಂಬ ಬೇವಿನ ಸೊಪ್ಪು ಕುದಿಯುವ ವಾಸನೆ. ತಿರುವನಂತಪುರದ ಕಳಕ್ಕೂಟಂನಲ್ಲಿ ಮಗಳಿರುವ ಈ ಫ್ಲಾಟಿನ ಏಳನೆಯ ಮಹಡಿಯಲ್ಲಿ ಕಾಫಿ, ಸೆಂಟು, ಯಾರೋ ಅವಸರದಲ್ಲಿ ಸೀಯಿಸಿದ ದೋಸೆ ಇವುಗಳ ವಾಸನೆ ಬರುವುದುಂಟು, ಬೇವು ಬರುವುದಿಲ್ಲ. ಎದುರು ಮನೆಯ ಅಜ್ಜಿಯನ್ನು ನನ್ನ ಮುರುಕು ಮಲಯಾಳದಲ್ಲಿ ವಿಚಾರಿಸಿದೆ. ಮೊಮ್ಮಗನಿಗೆ ಚಿಕನ್‌ಪಾಕ್ಸ್ ಅಂತೆ. ನಮ್ಮ ಮೈಸೂರಿನ ಕಡೆ ಸೀತಾಳೆ ಸಿಡುಬು ಅನ್ನುತ್ತೇವಲ್ಲ, ಅದೇ. ಒಳಗೆ ಬಂದು ಬಾಗಿಲು ಹಾಕಿಕೊಂಡೆ. ವಾಸನೆಯೂ ನನ್ನ ಜೊತೆ ಒಳಗೆ ಬಂತು.

ಈ ವಾಸನೆಯ ಕತೆ ಹೇಳಬೇಕಾದರೆ ಮೊದಲು ರಜೆಯ ಕತೆ ಹೇಳಬೇಕು. ನೀವು ಸರಕಾರಿ ನೌಕರಿಯಲ್ಲಿಲ್ಲದಿದ್ದರೆ ಸ್ವಲ್ಪ ತಾಳ್ಮೆಯಿಂದ ಕೇಳಿ. ನಮಗೆ ಗಳಿಕೆ ರಜೆ ಎನ್ನುವುದೊಂದುಂಟು. ಬಳಸದೆ ಉಳಿಸಿದರೆ ನಿವೃತ್ತಿಯ ದಿನ ಅದಕ್ಕೆ ಸಂಬಳದ ದರದಲ್ಲಿ ದುಡ್ಡು ಕೊಡುತ್ತಾರೆ. ಹಾಗಾಗಿ ನಮ್ಮಲ್ಲಿ ಕೆಲವರು ಬೇರೆಯವರು ಚಿನ್ನ ಕೂಡಿಸುವ ಹಾಗೆ ರಜೆ ಕೂಡಿಸುತ್ತಾರೆ. ಜ್ವರ ಬಂದರೆ ಮಾತ್ರೆ ನುಂಗಿ ಕಚೇರಿಗೆ ಬರುತ್ತಾರೆ. ತಮ್ಮನ ಮದುವೆಗೆ ಧಾರೆಯ ಹೊತ್ತಿಗೆ ಸರಿಯಾಗಿ ಇಳಿದು, ಊಟದ ಎಲೆ ಎತ್ತುವ ಮೊದಲೇ ಬಸ್ಸು ಹತ್ತುತ್ತಾರೆ. ಕೆಲವರು ಅಂದೆನಲ್ಲ, ಆ ಕೆಲವರಲ್ಲಿ ನನ್ನದು ಮೊದಲ ಸ್ಥಾನ.

ಮಗಳು ಚಿಕ್ಕವಳಿದ್ದಾಗ ನಾನು ಕೊಚ್ಚಿಯ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ, ನಿವೃತ್ತಿಗೆ ಇನ್ನು ಸ್ವಲ್ಪವೇ ಬಾಕಿ. ಗಂಡ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಮರಗೆಣಸಿನ ಸಂಶೋಧನೆ ಮಾಡುತ್ತಿದ್ದರು, ಮಗಳು ಅವರ ಜೊತೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ಶುಕ್ರವಾರ ಸಂಜೆ ರೈಲು ಹತ್ತಿ ಶ್ರೀಕಾರ್ಯಂ ಸೇರುವುದು, ಭಾನುವಾರ ಸಂಜೆ ಮತ್ತೆ ರೈಲು. ಆ ಎರಡು ದಿನಗಳಲ್ಲಿ ನಾನು ವಾರದ ಸಾರಿನ ಪುಡಿ, ವಾರದ ಇಸ್ತ್ರಿ, ವಾರದ ಬೈಗುಳ ಎಲ್ಲ ಮುಗಿಸಿ ಬರುತ್ತಿದ್ದೆ. ಒಂದು ದಿನ ಹೆಚ್ಚು ಉಳಿಯಬಹುದಿತ್ತು. ಆದರೆ ರಜೆ ಮುಗಿದುಹೋದೀತು!

ಅದೇ ಕಚೇರಿಯಲ್ಲಿ ಶಂಭಟ್ಟರು ಎಂಬ ಹಿರಿಯರಿದ್ದರು. ಕಾಸರಗೋಡಿನವರು, ಫೋರ್ಟ್ ಕೊಚ್ಚಿಯಲ್ಲಿ ಬಾಡಿಗೆ ಮನೆ. ವರ್ಷಕ್ಕೊಮ್ಮೆ ಹತ್ತು ದಿನ ರಜೆ ಹಾಕುತ್ತಿದ್ದರು. ಎಲ್ಲಿಗೆ ಭಟ್ಟರೇ ಅಂದರೆ, "ಎಲ್ಲಿಗೂ ಇಲ್ಲ ಮಾರಾಯ್ರೆ, ಮನೆಯಲ್ಲೇ" ಅನ್ನುತ್ತಿದ್ದರು. ಇದನ್ನು ನಂಬುವವರು ಯಾರು? ಕಾಶಿಗೆ ಹೋಗಲಿ, ಮಗಳ ಬಾಣಂತನಕ್ಕೆ ಹೋಗಲಿ, ಒಪ್ಪೋಣ. ದುಡ್ಡಾಗುವ ರಜೆಯನ್ನು ಮನೆಯಲ್ಲಿ ಕೂತು ಕಳೆಯುವುದೆಂದರೆ ಅದರಲ್ಲಿ ಏನೋ ಇರಲೇಬೇಕು. ಗುಟ್ಟಾಗಿ ಕರಿಮೆಣಸಿನ ವ್ಯಾಪಾರ ಮಾಡುತ್ತಾರೆ ಎಂದು ಒಬ್ಬರು, ವಿದೇಶಿ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತಾರೆ ಎಂದು ಇನ್ನೊಬ್ಬರು. ನಾನು ಎರಡನೆಯ ಪಕ್ಷದವಳು.

ಅವರ ರಜೆಯ ಒಂದು ದಿನ, ಸಹಿಯ ನೆಪ ಮಾಡಿಕೊಂಡು ಕಡತವೊಂದನ್ನು ಹಿಡಿದು ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಹೋದೆ. ಪತ್ತೇದಾರಿಕೆಗೆ ಹೊರಟವಳ ಎದೆಬಡಿತ ನಿಮಗೆ ಹೇಗೆ ಹೇಳಲಿ! ಮನೆಯ ಮುಂದೆ ವಿದೇಶಿಯರೂ ಇಲ್ಲ, ಮೆಣಸಿನ ಮೂಟೆಯೂ ಇಲ್ಲ. ಜಗಲಿಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಅವರ ಹೆಂಡತಿ ಏನೋ ಹಳೆಯ ಜಗಳವೊಂದನ್ನು ಮೊದಲಿನಿಂದ ಹೇಳುತ್ತಿದ್ದರು, ಭಟ್ಟರು ಶ್ರದ್ಧೆಯಿಂದ ಕೇಳುತ್ತಿದ್ದರು. ನನ್ನನ್ನು ಕಂಡು ಭಟ್ಟರಿಗೆ ಗಾಬರಿಯೇನೂ ಆಗಲಿಲ್ಲ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಆಸರಿಗೆ ಎಂತ ಕುಡೀತೀರಿ?"

ಮಜ್ಜಿಗೆ ಕುಡಿದ ಮೇಲೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ಇದಕ್ಕಾಗಿ ರಜೆಯೇ ಎಂದು.

"ವರ್ಷ ಇಡೀ ಇವಳಿಗೆ ಕಾಣುದು ನನ್ನ ಬೆನ್ನು ಮಾತ್ರ" ಅಂದರು ಭಟ್ಟರು. "ಹತ್ತು ದಿನ ಮುಖವನ್ನೂ ನೋಡ್ಲಿ ಅಂತ. ಉಳಿದ ರಜೆ ಉಂಟಲ್ಲ ದುಡ್ಡಿಗೆ, ನಾನೇನು ಸನ್ಯಾಸಿಯಾ? ಅದಿರ್ಲಿ, ನೀವು ಅಷ್ಟೂ ರಜೆಯನ್ನು ಉಪ್ಪಿನಲ್ಲಿ ಹಾಕಿಟ್ಟಿದ್ದೀರಲ್ಲ, ಯಾರಿಗೆ?"

"ಮಗಳಿಗೆ."

"ಮಗಳತ್ರ ಕೇಳಿದ್ದೀರಾ?"

ಇದೆಂಥ ಪ್ರಶ್ನೆ ಅನ್ನಿಸಿತು. ಮಕ್ಕಳನ್ನು ಕೇಳಿ ಯಾರಾದರೂ ಕೂಡಿಡುತ್ತಾರೆಯೇ? ವಾಪಸು ಬರುವಾಗ ಬೋಟಿನಲ್ಲಿ ಭಟ್ಟರ ಬಗ್ಗೆ ಮರುಕಪಟ್ಟುಕೊಂಡು ಬಂದೆ. ಕಡತಕ್ಕೆ ಸಹಿ ಹಾಕಿಸುವುದು ಮರೆತೇಹೋಗಿತ್ತು.

ಆ ವರ್ಷವೇ ಮಗಳಿಗೆ ಸಿಡುಬು ಬಂತು. ಶುಕ್ರವಾರ ಹೋಗಿ ನೋಡುತ್ತೇನೆ, ಮೈತುಂಬ ಗುಳ್ಳೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಎರಡು ದಿನ ಸೊಪ್ಪಿನ ಗೊಂಚಲಿನಿಂದ ಮೈ ಸವರುತ್ತ ಅವಳ ಪಕ್ಕದಲ್ಲೇ ಕೂತೆ. ಭಾನುವಾರ ಮಧ್ಯಾಹ್ನ ನಾನು ಸೀರೆ ಮಡಿಸುವುದನ್ನು ಕಂಡು, "ಅಮ್ಮ ಪೋಂಡ" ಅಂದಳು. ಹೋಗಬೇಡ ಎಂದು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಮಲಯಾಳದಲ್ಲಿ.

"ಅಪ್ಪ ರಜೆ ಹಾಕಿದಾರಲ್ಲ ಪುಟ್ಟಿ. ನಾನೂ ಹಾಕಿದ್ರೆ ಅಷ್ಟು ನಿನಗೇ ಕಡಿಮೆ ಆಗುತ್ತೆ ಕಣೇ. ಎಲ್ಲ ನಿನಗೋಸ್ಕರ ತಾನೇ?"

ಹನ್ನೊಂದು ವರ್ಷದ, ಜ್ವರದಿಂದ ಸುಡುವ ಮಗುವಿಗೆ ನಿವೃತ್ತಿ ಸೌಲಭ್ಯದ ನಿಯಮ ವಿವರಿಸಿದ ತಾಯಿ ನಾನು. ಅವಳು "ಶರಿ, ಅಮ್ಮ ಪೊಯ್ಕ್ಕೋ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸರಿ, ಹೋಗು. ಜಾಣ ಮಗು, ಹಟ ಮಾಡಲಿಲ್ಲ ಎಂದು ರೈಲಿನಲ್ಲಿ ನನಗೆ ಹೆಮ್ಮೆಯೂ ಆಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಆಮೇಲೆ ಎಷ್ಟೋ ವರ್ಷ ಕಳೆದವು. ಭಟ್ಟರು ನಿವೃತ್ತರಾಗಿ ಊರಿಗೆ ಹೋದರು. ನನ್ನ ಗಂಡನೂ ನಿವೃತ್ತರಾಗಿ ಕೊಚ್ಚಿಗೆ ಬಂದು ನನ್ನ ಜೊತೆ ಇದ್ದಾರೆ. ಮಗಳು ಕಳಕ್ಕೂಟಂನಲ್ಲಿ ಕೆಲಸ ಹಿಡಿದು ಈ ಫ್ಲಾಟಿನಲ್ಲಿ ಒಬ್ಬಳೇ ಇದ್ದಾಳೆ. ಹೋದ ತಿಂಗಳು ಫೋನಿನಲ್ಲಿ ಮಾತಿನ ನಡುವೆ, ವಾರವಿಡೀ ಜ್ವರದಲ್ಲಿ ಮಲಗಿದ್ದೆ, ಈಗ ಸರಿಹೋಗಿದೆ ಅಂದಳು. ನನಗೆ ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇನೇ ಎಂದು ರೇಗಿದೆ.

"ಅಮ್ಮಯ್ಕ್ ಲೀವಿಲ್ಲಲ್ಲೋ" ಅಂದಳು. ಅಮ್ಮನಿಗೆ ರಜೆ ಇಲ್ಲವಲ್ಲ.

ದೂರಿನ ದನಿಯಲ್ಲಿ ಹೇಳಿದ್ದರೆ ನಾನೂ ಜಗಳವಾಡಿ ಗೆಲ್ಲುತ್ತಿದ್ದೆ. ಅವಳು ಗಂಟೆ ಎಷ್ಟು ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಇಡೀ ಕಚೇರಿಯಲ್ಲಿ ನನ್ನಷ್ಟು ರಜೆ ಇರುವವರು ಯಾರೂ ಇಲ್ಲ. ಅದು ಮಗಳಿಗಾಗಿಯೇ ಇರುವುದು. ಮಗಳಿಗೆ ಮಾತ್ರ ಅದು ಇದೆ ಎಂದೇ ಗೊತ್ತಿಲ್ಲ. ಮರುದಿನ ಹತ್ತು ದಿನಗಳ ರಜೆಗೆ ಅರ್ಜಿ ಹಾಕಿದೆ. ದುಡ್ಡು ಬೇಡ ಎನ್ನುವ ವೈರಾಗ್ಯವೇನೂ ನನಗೆ ಬಂದಿಲ್ಲ, ಉಳಿದ ರಜೆಯನ್ನು ಖಂಡಿತ ದುಡ್ಡಾಗಿಸಿಕೊಳ್ಳುತ್ತೇನೆ. ಈ ಹತ್ತು ದಿನ ಮಾತ್ರ ರಜೆಯಾಗಿಯೇ ಬೇಕೆನ್ನಿಸಿತು.

ಹೇಳದೆ ಬಂದದ್ದು ನನ್ನ ತಪ್ಪು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಮಗಳ ಮುಖ ಬಿಳಿಚಿಕೊಂಡಿತು. "ಅಪ್ಪನ್ ಎಂದ್ ಪಟ್ಟಿ?" ಅಂದಳು. ಅಪ್ಪನಿಗೆ ಏನಾಯಿತು? ಕೆಲಸದ ದಿನ ಅಮ್ಮ ಬಂದಿದ್ದಾಳೆಂದರೆ ಯಾರಿಗೋ ಏನೋ ಆಗಿರಲೇಬೇಕು. ಯಾರಿಗೂ ಏನೂ ಆಗಿಲ್ಲ, ನಿನ್ನ ಜೊತೆ ಹತ್ತು ದಿನ ಇರೋಣ ಅಂತ ಬಂದೆ ಅಂದೆ. ನಂಬಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಪ್ಪನಿಗೆ ಫೋನು ಮಾಡಿದಳು. ಅಮ್ಮ ಏನಾದರೂ ಕಾಯಿಲೆ ಮುಚ್ಚಿಡುತ್ತಿದ್ದಾಳೆಯೇ ಎಂದು ವಿಚಾರಿಸಿದ್ದು ನಲ್ಲಿಯ ಸದ್ದಿನಲ್ಲೂ ಕೇಳಿಸಿತು. ಹೊರಗೆ ಬಂದು, "ಹತ್ತು ದಿನವಾ? ಬುಧವಾರ ಯಾವುದೋ ಫೈಲು ನೆನಪಾಗಿ ಹೊರಡ್ತೀಯ ನೋಡು" ಎಂದು ಮಲಯಾಳದಲ್ಲೇ ಹೇಳಿ, ನಕ್ಕು, ಆಫೀಸಿಗೆ ಹೋದಳು.

ಮೂರು ದಿನವೂ ಸಂಜೆ ಬಂದವಳು ಮೊದಲು ನೋಡುತ್ತಿದ್ದುದು ಬಾಗಿಲ ಪಕ್ಕದಲ್ಲಿ ನಾನಿಟ್ಟಿದ್ದ ಬ್ಯಾಗನ್ನು. ಆಮೇಲೆ ನನ್ನನ್ನು. ನಿನ್ನೆ ಬುಧವಾರ. ಎಂದಿಗಿಂತ ಬೇಗ ಬಂದಳು, ಸಾರು ಚೆನ್ನಾಗಿದೆ ಎಂದು ಎರಡು ಸಲ ಬಡಿಸಿಕೊಂಡಳು.

ಇವತ್ತು ಬೆಳಿಗ್ಗೆ ಅವಳು ಹೋದ ಮೇಲೆ, ಸ್ನಾನಕ್ಕೆಂದು ಬಟ್ಟೆ ತೆಗೆಯಲು ಹೋದರೆ ಬ್ಯಾಗು ಅಲ್ಲಿರಲಿಲ್ಲ. ಹುಡುಕಿ ಹುಡುಕಿ ಅವಳ ಬೀರು ತೆರೆದೆ. ನನ್ನ ನಾಲ್ಕು ಸೀರೆಗಳು ಅವಳ ಕುರ್ತಾಗಳ ನಡುವೆ ಮಡಿಕೆಯಾಗಿ ಕೂತಿದ್ದವು. ಖಾಲಿ ಬ್ಯಾಗನ್ನು ಬೀರುವಿನ ಮೇಲೆ, ಗೋಡೆಯ ತುದಿಯವರೆಗೆ ತಳ್ಳಿಟ್ಟಿದ್ದಾಳೆ, ಕುರ್ಚಿ ಹತ್ತಿದರೂ ನನ್ನ ಕೈಗೆ ಎಟುಕದಷ್ಟು ಹಿಂದಕ್ಕೆ.