ಹಿರೋಳ್ಳಿಯ ಚಂದ್ರಾಮ ಕೊಟ್ಟ ಆಯೇರಿ

ಹಿರೋಳ್ಳಿಯ ಚಂದ್ರಾಮನಂಥ ಗಂಟಲು ಆಳಂದ, ಅಫಜಲಪುರ ಎರಡೂ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಮದುವೆ, ವಾಸ್ತುಶಾಂತಿ, ಬಸುರಿಯ ಕುಬಸ, ಏನೇ ಇರಲಿ, ಮೈಕು ಅವನದು, ಮೈಕಿನ ಮುಂದಿನ ಬಾಯಿಯೂ ಅವನದೇ. ಆಂಪ್ಲಿಫೈಯರಿನ ಮಗ್ಗುಲಲ್ಲಿ ಕೂತು ಆವಾಜು ಏರಿಸಿ ಇಳಿಸುವುದು ಹೆಂಡತಿ ದ್ರೌಪದಿಯ ಕೆಲಸ. ಅಕ್ಷತೆ ಬಿದ್ದು ಜನ ಊಟಕ್ಕೆ ಕೂತರೆಂದರೆ ಅವನ ಪಾಳಿ ಶುರುವಾಗುತ್ತಿತ್ತು. ಬಂಧುಬಳಗ ತಂದ ಉಡುಗೊರೆಗೆ ಆ ಕಡೆ ಆಯೇರಿ ಎನ್ನುತ್ತಾರೆ. ಯಾವ ಊರಿನ ಯಾರು ಏನು ತಂದರು ಎಂಬುದನ್ನು ಅವನು ಊರಿಗೆಲ್ಲ ಕೇಳುವಂತೆ ಕೂಗಬೇಕು. "ಸರಸಂಬಾದ ಪೀರಸಾಬ ಇವರಿಂದ ಮದುಮಗನಿಗೆ ಟಾವೆಲು, ಮದುಮಗಳಿಗೆ ಇಳಕಲ್ ಸೀರಿ" ಎಂದು ಅವನು ಆ ಕೊನೆಯ 'ಸೀರಿ'ಯನ್ನು ಎಳೆದರೆ ಸಾಕು, ಪೀರಸಾಬನ ಎದೆ ಉಬ್ಬುತ್ತಿತ್ತು. ಗಡಿಯಾಚೆಯ ಬೀಗರಿದ್ದರೆ ಅದನ್ನೇ ಇನ್ನೊಮ್ಮೆ ಮರಾಠಿಯಲ್ಲಿ ಎಳೆಯುತ್ತಿದ್ದ.

ಚಂದ್ರಾಮನದೊಂದು ನೇಮವಿತ್ತು. ಚೀಟಿಯಲ್ಲಿ ಇದ್ದದ್ದನ್ನು ಮಾತ್ರ ಕೂಗುವುದು. ಸ್ಟೀಲಿನ ತಾಟು ತಂದವರು ಹಿಂದಿನಿಂದ ಬಂದು, ಹಂಡೆ ಎಂದು ಹೇಳಿಬಿಡು ಮಾರಾಯ ಎಂದು ಕಿವಿಯಲ್ಲಿ ಉಸುರಿದರೆ, ಅವನು ಮೈಕಿನಲ್ಲೇ "ಹಂಡೆ ಎಲ್ಲದರಿ?" ಎಂದು ಕೇಳಿಬಿಡುತ್ತಿದ್ದ. ಮೈಕಿನಲ್ಲಿ ಕೂಗಿದ್ದೆಂದರೆ ಕೊಟ್ಟಂತೆಯೇ. ತೆಗೆದುಕೊಂಡವರು ನಾಳೆ ಕೊಟ್ಟವರ ಮನೆಯ ಕಾರ್ಯದಲ್ಲಿ ಅದನ್ನು ತಿರುಗಿ ಕೊಡಲೇಬೇಕು, ಮೇಲೆ ಒಂದು ಟಾವೆಲಾದರೂ ಸೇರಿಸಿ. ಹಾಗೆ ಕೊಡದೆ ನುಂಗಿದವರ ಹೆಸರು ಹತ್ತು ಊರಿನ ಅಡುಗೆಮನೆಗಳಲ್ಲಿ ರೊಟ್ಟಿಯ ಜೊತೆ ಬೇಯುತ್ತದೆ.

ಇಷ್ಟೊಂದು ಜನರ ಹೆಸರು ಕೂಗಿದವನ ಹೆಸರನ್ನು ಮಾತ್ರ ಯಾರೂ ಯಾವತ್ತೂ ಮೈಕಿನಲ್ಲಿ ಕೂಗಿರಲಿಲ್ಲ. ದುಡಿಯಲು ಬಂದವನ ಕೈಯಿಂದ ಆಯೇರಿ ಯಾರು ಕೇಳುತ್ತಾರೆ? ಅವನ ಓಣಿಯ ಕಾರ್ಯಗಳಿಗೆ ದೊಡ್ಡ ಮನೆಯವರು ಬರುವ ರೂಢಿಯೂ ಇರಲಿಲ್ಲ. ಇದು ಅವನಿಗೆ ನೋಯುತ್ತಿತ್ತು. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಈಗ ಮಗಳು ಮೈತ್ರಿಯ ವಿಷಯ. ಪಿಯುಸಿಯಲ್ಲಿ ಚೆನ್ನಾಗಿ ಪಾಸಾದ ಹುಡುಗಿಗೆ ನರ್ಸಿಂಗ್ ಓದುವ ಹಟ. ಸರಕಾರಿ ಸೀಟಿನ ಪಟ್ಟಿ ತಡವಾಯಿತು. ವರ್ಷ ಹಾಳಾಗಬಾರದೆಂದು ಚಂದ್ರಾಮ ತನ್ನ ಎರಡು ದೊಡ್ಡ ಸ್ಪೀಕರ್ ಮಾರಿ, ಆಳಂದದಲ್ಲಿ ಅಫಜಲಪುರದ ಗುರಣ್ಣ ಸಾಹುಕಾರರು ಚೇರ್ಮನ್ನರಾಗಿ ನಡೆಸುವ ಡಿಗ್ರಿ ಕಾಲೇಜಿನಲ್ಲಿ ಅವಳ ಫೀಜು ಕಟ್ಟಿದ. ಕ್ಲಾಸು ಇನ್ನೂ ಶುರುವಾಗಿರಲಿಲ್ಲ, ಕಲಬುರಗಿಯ ಸರಕಾರಿ ಕಾಲೇಜಿನಲ್ಲಿ ಸೀಟು ಬಂತು. ಇಲ್ಲಿ ಬಿಟ್ಟು ಅಲ್ಲಿಗೆ ಹೋಗುತ್ತೇನೆಂದು ಮೈತ್ರಿ ಅರ್ಜಿ ಕೊಟ್ಟಳು. ಫೀಜು ವಾಪಸು ಬರುವುದಿಲ್ಲ, ಮಾರ್ಕ್ಸ್‌ಕಾರ್ಡು ಬೇಕಿದ್ದರೆ ಉಳಿದ ವರ್ಷಗಳ ಫೀಜನ್ನೂ ಕಟ್ಟಿ ಒಯ್ಯಿರಿ ಎಂದಿತು ಕಾಲೇಜು.

ಮೈತ್ರಿ ಅಪ್ಪನ ಗಂಟಲನ್ನೂ ಅವ್ವನ ಹಟವನ್ನೂ ಒಟ್ಟಿಗೆ ಪಡೆದವಳು. ಪ್ರಿನ್ಸಿಪಾಲ್ ವ್ಯಂಕಟೇಶ ಅವರ ಮೇಜಿನ ಮೇಲೆ ಫೋನಿಟ್ಟು ಯುಜಿಸಿಯ ನಿಯಮ ತೋರಿಸಿದಳು. ಪ್ರವೇಶದ ಕಡೆಯ ದಿನ ಮುಗಿಯುವ ಮೊದಲೇ ಬಿಟ್ಟವರ ಫೀಜು ತಿರುಗಿ ಕೊಡಬೇಕು, ಒರಿಜಿನಲ್ ಕಾಗದಗಳನ್ನು ನೋಡಿ ಮರಳಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಪೂರ್ತಿ ಓದಿದರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ ಮನುಷ್ಯರು.

"ನಿಯಮ ಖರೇನೇ ಅದವ್ವಾ," ಎಂದರು. "ಆದ್ರ ಬೀರೂದ ಕೀಲಿ ಚೇರ್ಮನ್ನರ ಹತ್ರ ಅದ."

ಆನ್‌ಲೈನಿನಲ್ಲಿ ದೂರು ಕೊಟ್ಟದ್ದೂ ಆಯಿತು. ದೂರಿನ ನಂಬರು ಬಂತು, ಮಾರ್ಕ್ಸ್‌ಕಾರ್ಡು ಬರಲಿಲ್ಲ. ಸೋಮವಾರ ಸಂಜೆಯೊಳಗೆ ಒರಿಜಿನಲ್ ಕೊಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆಂದು ಕಲಬುರಗಿಯಿಂದ ಫೋನು ಬಂತು. ಗುರಣ್ಣ ಸಾಹುಕಾರರನ್ನೇ ಹಿಡಿಯೋಣವೆಂದರೆ ಅವರು ಯಾರ ಕೈಗೂ ಸಿಗುತ್ತಿರಲಿಲ್ಲ. ಭಾನುವಾರ ಅಫಜಲಪುರದಲ್ಲಿ ಅವರ ಮಗಳ ಮದುವೆ. ಜೇವರ್ಗಿ ತಾಲ್ಲೂಕಿನ ಕೊಳಕೂರದ ದೊಡ್ಡ ಮನೆಯ ಹುಡುಗ. ಆ ಮದುವೆಗೆ ಮೈಕು ಯಾರದು ಅಂತೀರಿ? ಎರಡು ತಿಂಗಳ ಹಿಂದೆಯೇ ಮುಂಗಡ ಕೊಟ್ಟು ಕಾಯ್ದಿರಿಸಿದ್ದು ನಮ್ಮ ಚಂದ್ರಾಮನದೇ. ಮೈಕಿನವನಿಗೆ ಮಗಳೊಬ್ಬಳಿದ್ದಾಳೆ, ಅವಳ ಮಾರ್ಕ್ಸ್‌ಕಾರ್ಡು ತಮ್ಮ ಬೀರುವಿನಲ್ಲಿದೆ ಎಂಬುದು ಸಾಹುಕಾರರಿಗೆ ಗೊತ್ತೇ ಇರಲಿಲ್ಲ.

ಮದುವೆಯಲ್ಲಿ ಆಯೇರಿ ಬರೆದುಕೊಳ್ಳಲು ಕೂತವರು ಪ್ರಿನ್ಸಿಪಾಲ್ ವ್ಯಂಕಟೇಶ. ಅವರ ಅಕ್ಷರ ದುಂಡಗಿವೆ ಎಂದು ಚೇರ್ಮನ್ನರೇ ಕೂರಿಸಿದ್ದರು. ಅವರು ಚೀಟಿ ಬರೆದು ಕೊಟ್ಟಂತೆ ಚಂದ್ರಾಮ ಕೂಗುತ್ತ ಹೋದ. ಹಂಡೆ, ಕೊಡ, ದೀಪದ ಬೆಳ್ಳಿ ಸಮೆ, ಫ್ರಿಜ್ಜು. ಎರಡನೆಯ ಪಂಕ್ತಿಗೆ ಹೋಳಿಗೆ ಬೀಳುವ ಹೊತ್ತಿಗೆ ಅವನು ಪ್ರಿನ್ಸಿಪಾಲರ ಕಡೆ ಬಾಗಿ, ತನ್ನದೂ ಒಂದು ಆಯೇರಿಯಿದೆ, ಬರೆದುಕೊಳ್ಳಿ ಎಂದ. ಏನೆಂದು ಹೇಳಿದ. ಪೆನ್ನು ನಿಂತಿತು. ಪ್ರಿನ್ಸಿಪಾಲರು ಸುತ್ತ ನೋಡಿದರು, ಕೆಮ್ಮಿದರು, ಆಮೇಲೆ ತುಟಿ ಬಿಗಿಹಿಡಿದು ದುಂಡಗೆ ಬರೆದೇಬಿಟ್ಟರು. ಚಂದ್ರಾಮ ಚೀಟಿ ಹಿಡಿದು ಎದ್ದುನಿಂತ. ದ್ರೌಪದಿ ಆವಾಜನ್ನು ತುದಿಗೇರಿಸಿದಳು.

"ಹಿರೋಳ್ಳಿಯ ಮೈಕಿನ ಚಂದ್ರಾಮ ಇವರಿಂದ, ಗುರಣ್ಣ ಸಾಹುಕಾರರ ಕಾಲೇಜು ಬಿಟ್ಟ ಮಗಳು ಮೈತ್ರಿಯ ವರ್ಷದ ಫೀಜು ಪೂರಾ. ಅದರ ಜೊತಿಗೆ, ಬೀರೂದಾಗ ಇಟ್ಟುಕೊಂಡಿರುವ ಹತ್ತನೇತ್ತಾ ಮತ್ತು ಪಿಯುಸಿ ಒರಿಜಿನಲ್ ಮಾರ್ಕ್ಸ್‌ಕಾರ್ಡೂ."

ಪಂಕ್ತಿಯಲ್ಲಿ ಹೆಂಗಸರ ಕಡೆಯಿಂದ ನಗೆ ಶುರುವಾಯಿತು. ನಕ್ಕು ನಕ್ಕು ಯಾರಿಗೋ ಹೋಳಿಗೆ ನೆತ್ತಿಗೇರಿತು. ಕೊಳಕೂರದ ಬೀಗರಾದ ಮದುಮಗನ ಅಪ್ಪ, ಮಾರ್ಕ್ಸ್‌ಕಾರ್ಡಿನ ಆಯೇರಿ ಯಾವ ಊರಿನ ಪದ್ಧತಿ ಎಂದು ಪಕ್ಕದವರನ್ನು ಕೇಳತೊಡಗಿದರು.

ಆದರೆ ಗುರಣ್ಣನೂ ಸಣ್ಣ ಆಸಾಮಿಯಲ್ಲ. ರುಮಾಲು ಸರಿಪಡಿಸಿಕೊಂಡು ನಗುನಗುತ್ತ ಬಂದು ಮೈಕು ತೆಗೆದುಕೊಂಡರು. "ಚಂದ್ರಾಮ ಮನಸಾರೆ ಕೊಟ್ಟಾನ. ನಾನೂ ಮನಸಾರೆ ತಗೊಂಡೇನಿ," ಎಂದರು. ಅವರ ಕಡೆಯವರು ಚಪ್ಪಾಳೆ ತಟ್ಟಿದರು.

ಸಾಹುಕಾರರನ್ನು ನಾಚಿಸಿ ವಸೂಲು ಮಾಡಬೇಕೆಂದು ಬಂದ ಚಂದ್ರಾಮ, ಜಿದ್ದಿನ ಭರದಲ್ಲಿ ಮೈಕಿನ ಕಟ್ಟಳೆಯನ್ನೇ ಮರೆತಿದ್ದ. ಮೈಕಿನಲ್ಲಿ ಕೂಗಿದ್ದೆಂದರೆ ಕೊಟ್ಟಂತೆಯೇ. ಕಾಲೇಜು ಹಿಡಿದಿಟ್ಟುಕೊಂಡದ್ದನ್ನು ಇವನೇ ಸಾವಿರ ಜನರೆದುರು ದಾನ ಮಾಡಿ ಕೂತಿದ್ದ. ಇನ್ನು ಯಾವ ಬಾಯಿಂದ ಕೇಳುವುದು? ಮಗಳ ಸೀಟು ಕಣ್ಣೆದುರೇ ಜಾರಿಹೋದಂತಾಗಿ ಅವನಿಗೆ ಅಳು ಬಂತು.

ಆಗ ದ್ರೌಪದಿ ಎದ್ದಳು. ಅಷ್ಟು ವರ್ಷ ಆಂಪ್ಲಿಫೈಯರಿನ ಹಿಂದೆ ಕೂತವಳು ಮೈಕಿನ ಮುಂದೆ ಬಂದದ್ದು ಅದೇ ಮೊದಲು. ಸೆರಗು ಸಿಕ್ಕಿಸಿಕೊಂಡು ಸಾಹುಕಾರರ ಕೈಯಿಂದ ಮೆಲ್ಲಗೆ ಮೈಕು ತೆಗೆದುಕೊಂಡಳು.

"ತಗೊಂಡ್ರಿ, ಚಲೋ ಆತ್ರಿ ಅಣ್ಣಾರ," ಎಂದಳು. "ನಾಳಿ ಮುಂಜಾನಿ ಹಿರೋಳ್ಳಿಯಾಗ ನಮ್ಮ ಮನಿ ಕಾರ್ಯ ಅದ. ಮಗಳನ್ನ ಓದಲಿಕ್ಕ ಕಳಸೋ ಕಾರ್ಯ. ಆಯೇರಿ ತಿರುಗಿ ತಗೊಂಡು ನೀವು ಬರಬೇಕು. ಹೊಸಾ ಬೀಗರನ್ನೂ ಕರಕೊಂಡು ಬರ್ರಿ."

ಈ ಸಲ ಚಪ್ಪಾಳೆ ಕೊಳಕೂರದವರ ಕಡೆಯಿಂದ ಬಂತು. ಮದುಮಗನ ಅಪ್ಪ ಎದ್ದುನಿಂತು, ತಮ್ಮ ಬೀಗರು ಆಯೇರಿ ನುಂಗುವ ಮಂದಿಯಲ್ಲ, ತಾವೇ ಜೀಪು ತೆಗೆಸಿಕೊಂಡು ಬರುವುದಾಗಿ ಸಾರಿದರು. ಗುರಣ್ಣ ಸಾಹುಕಾರರ ನಗೆ ಮುಖದ ಮೇಲೆ ಹಾಗೆಯೇ ಉಳಿಯಿತು, ತೆಗೆಯುವುದು ಹೇಗೆಂದು ತಿಳಿಯದೆ.

ಸೋಮವಾರ ಬೆಳಗ್ಗೆ ಹಿರೋಳ್ಳಿಯ ಆ ಓಣಿಗೆ ಜೀಪು ಬಂತು. ಚುನಾವಣೆ ಇಲ್ಲದ ದಿನ ಅಂಥ ಜೀಪು ಅಲ್ಲಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಬರುವ ದಾರಿಯಲ್ಲಿ ಆಳಂದದಲ್ಲಿ ನಿಲ್ಲಿಸಿ ಬೀರು ತೆಗೆಸಿದ್ದರು. ಗುರಣ್ಣ, ಬೀಗರು, ಪ್ರಿನ್ಸಿಪಾಲರು ಬುದ್ಧ, ಬಾಬಾಸಾಹೇಬರ ಫೋಟೊದ ಕೆಳಗೆ ಕಂಬಳಿಯ ಮೇಲೆ ಕೂತರು. ದ್ರೌಪದಿ ಮಂಡಕ್ಕಿಯ ಸುಸಲಾ, ಮಿರ್ಚಿ ಕೊಟ್ಟಳು. ಬೀಗರು ಇನ್ನೊಂದು ಮಿರ್ಚಿ ಕೇಳಿದ್ದರಿಂದ ಗುರಣ್ಣನೂ ತಿನ್ನಲೇಬೇಕಾಯಿತು. ಮೈತ್ರಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಲಬುರಗಿ ಬಸ್ಸಿಗೆ ಹೊತ್ತಾಗಿತ್ತು.

ಮನೆಯವನು ತನ್ನ ಮನೆಯ ಆಯೇರಿ ತಾನೇ ಕೂಗುವಂತಿಲ್ಲ. ಅದಕ್ಕೆ ಮೈಕು ಪ್ರಿನ್ಸಿಪಾಲರ ಕೈಗೆ ಹೋಯಿತು. ವಿದ್ಯಾರ್ಥಿಗಳ ಮುಂದೆ ಎಷ್ಟೋ ಭಾಷಣ ಮಾಡಿದ ಮನುಷ್ಯರು ಇಲ್ಲಿ ಚೀಟಿ ಬರೆದುಕೊಂಡೇ ಎದ್ದುನಿಂತರು.

"ಅಫಜಲಪುರದ ಗುರಣ್ಣ ಸಾಹುಕಾರರಿಂದ, ಹಿರೋಳ್ಳಿಯ ಚಂದ್ರಾಮ ಮತ್ತು ದ್ರೌಪದಿ ಇವರ ಮಗಳು ಮೈತ್ರಿಗೆ, ಅವಳದೇ ಮಾರ್ಕ್ಸ್‌ಕಾರ್ಡು, ಅವಳದೇ ಫೀಜು ಪೂರಾ. ಮ್ಯಾಲೆ ಒಂದು ಟಾವೆಲು."

ಮೈತ್ರಿ ಲಕೋಟೆ ಬಿಚ್ಚಿ ನೋಡಿ, ಎದೆಗೆ ಒತ್ತಿಕೊಂಡು, ಅವ್ವನ ಕಾಲು ಮುಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಚಂದ್ರಾಮ ಟಾವೆಲು ಹೆಗಲ ಮೇಲೆ ಹಾಕಿಕೊಂಡು ಗೂಟದಂತೆ ನಿಂತೇ ಇದ್ದ. ಬೇವಿನ ಮರಕ್ಕೆ ಕಟ್ಟಿದ ಹಳೆಯ ಹಾರ್ನಿನಿಂದ ಬಂದ ಅವನ ಹೆಸರು ಗಡಿಯವರೆಗಿನ ತೊಗರಿ ಹೊಲಗಳಿಗೆಲ್ಲ ಕೇಳಿಸಿತ್ತು. ಪ್ರಿನ್ಸಿಪಾಲರು ಮೈಕು ಕೆಳಗಿಡಲು ಹೋದಾಗ ಅವನು ಅವರ ಕೈ ಹಿಡಿದ.

"ಸರ, ಇನ್ನೊಮ್ಮೆ ಹೇಳ್ರಿ," ಎಂದ. "ಹಿಂದಿನ ಮಂದಿಗಿ ಕೇಳಿಸಿಲ್ಲ."

ಹಿಂದೆ ಎಮ್ಮೆಯೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಪ್ರಿನ್ಸಿಪಾಲರು ಒಮ್ಮೆ ತಿರುಗಿ ನೋಡಿದರು, ಗಂಟಲು ಸರಿಪಡಿಸಿಕೊಂಡರು, ಮೊದಲಿನಿಂದ ಶುರು ಮಾಡಿದರು.