ವಾಡಿಗೆ ಬರುವ ಪ್ರವಾಸಿ

ನನ್ನ ಹೆಂಡತಿ ಶ್ರೀಲಂಕಾದವಳು. ಪ್ರವಾಸಿ ವೀಸಾದ ಮೇಲೆ, ಸಿಮೆಂಟ್ ಕಾರ್ಖಾನೆಯ ನಮ್ಮೂರು ವಾಡಿಗೆ ಬಂದು, ನನ್ನನ್ನು ಮದುವೆಯಾಗಿ, ಅವಧಿ ಮುಗಿದಾಗ ಹಿಂತಿರುಗಿದಳು. ಮತ್ತೆ ಮನೆಗೆ ಕರೆತರಲು ಎರಡು ದಾರಿಗಳಿದ್ದವು: ಭಾರತೀಯನ ಹೆಂಡತಿಯೆಂದು ಕೊಡುವ ದೀರ್ಘಾವಧಿಯ ವೀಸಾ, ಇಲ್ಲವೇ ಅದೇ ಪ್ರವಾಸಿ ವೀಸಾ.

ಮೊದಲನೆಯದಕ್ಕೆ ಮದುವೆಯ ನೋಂದಣಿ ಪತ್ರ ಬೇಕು. ನಮ್ಮ ಮನೆಯಲ್ಲಿ ಹೊಸ ಸೊಸೆಗೆ ತಟ್ಟೆಯ ಅಕ್ಕಿಯಲ್ಲಿ ಬೇರೆ ಹೆಸರು ಬರೆದು ಇಡುವ ಪದ್ಧತಿ. ಅವ್ವ ಇಟ್ಟ ಆ ಹೆಸರನ್ನೇ ಚಿತ್ತಾಪುರದ ನೋಂದಣಿ ಕಚೇರಿಯಲ್ಲೂ ಸಡಗರದಿಂದ ಬರೆಸಿದ್ದೆವು. ಪಾಸ್‌ಪೋರ್ಟಿನಲ್ಲಿ ಇರುವುದು ತವರಿನ ಹೆಸರು. ಹಾಗಾಗಿ ಕಾಗದದ ಪ್ರಕಾರ ನಾನು ಮದುವೆಯಾದವಳೇ ಬೇರೆ, ಬರಬೇಕಾದವಳೇ ಬೇರೆ. ತಿದ್ದುಪಡಿಗೆಂದು ಚಿತ್ತಾಪುರಕ್ಕೂ ಕಲಬುರಗಿಗೂ ಅಲೆದು ಚಪ್ಪಲಿ ಸವೆದವು.

ಸಾಕಾಗಿಹೋಯಿತು. ನಿನ್ನೆ ಪ್ರವಾಸಿ ವೀಸಾಕ್ಕೇ ಅರ್ಜಿ ಹಾಕಿದೆ.

ಅದನ್ನು ಹೇಳಿದಾಗ ಅವ್ವ ಅಂಗಳದಲ್ಲಿ ಒಣಗಿದ ಬಟ್ಟೆಗಳಿಂದ ಸಿಮೆಂಟಿನ ಧೂಳು ಕೊಡವುತ್ತಿದ್ದಳು. "ಪ್ರವಾಸಿ ಅಂದ್ರ ಯಾರಪಾ?" ಎಂದು ಕೇಳಿದಳು.

"ಊರು ನೋಡ್ಲಿಕ್ಕ ಬರೋರು," ಎಂದೆ.

ಅವಳ ಕೈ ನಿಂತಿತು. "ಈ ಧೂಳು ಬಿಟ್ರ ವಾಡ್ಯಾಗ ನೋಡ್ಲಿಕ್ಕ ಏನದ? ತನ್ನ ಮನಿಗಿ ಬರ್ಲಿಕತ್ತಾಳಂತ ಹೇಳು ಆ ವೀಸಾದವರಿಗಿ."