ಗಳ ಎಡಕ್ಕೆ, ಜೀಪು ನೀರಿಗೆ

ಜೀಪು ಮುಳುಗಿದ್ದು ನನ್ನಿಂದ. ಬ್ರೇಕ್ ಹೋಗಿತ್ತು, ದಾರಿ ಕುಸಿಯಿತು ಅಂತ ಊರಲ್ಲಿ ಏನೇನೋ ಹೇಳುತ್ತಾರೆ. ಅದೆಲ್ಲ ಸುಳ್ಳು. ಗುರುತಿನ ಬಿದಿರು ಗಳವನ್ನು ಬಲಕ್ಕೆ ಬಿಟ್ಟುಕೊಂಡು ಬರಬೇಕಿತ್ತು, ಎಡಕ್ಕೆ ಬಿಟ್ಟುಕೊಂಡು ಬಂದೆ. ಅಷ್ಟೇ.

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ದಡದಲ್ಲಿದೆ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ, ಅಣೆಕಟ್ಟು ಕಟ್ಟುವ ಮುಂಚಿನ ಹಳೇ ರಸ್ತೆ ಮೇಲೆದ್ದು ಬರುತ್ತದೆ. ಅದನ್ನು ಹಿಡಿದು ಒಳಗೆ ಹೋಗಿ, ನೀರು ಬಿಟ್ಟ ನೆಲದಲ್ಲಿ ಹುರುಳಿ, ಕುಂಬಳ ಹಾಕುತ್ತೇವೆ. ಜೂನ್ ಬಂದು ವೈನಾಡಿನಲ್ಲಿ ಮಳೆ ಹಿಡಿದರೆ, ನಮ್ಮಲ್ಲಿ ಬಿಸಿಲು ಕಾಯುತ್ತಿದ್ದರೂ ನೀರು ಏರುತ್ತದೆ. ಮೊದಲು ಮುಳುಗುವುದು ಹಳ್ಳದ ಮೇಲಿನ ಮೋರಿ. ಅದಕ್ಕೆ ತಡೆಗೋಡೆ ಇಲ್ಲ. ಅಂಚಿನಿಂದ ಆಚೆ ಎರಡಾಳು ಆಳ. ಅದಕ್ಕೇ ನೀರು ಬರುವ ಮುಂಚೆ ಮೋರಿಯ ಎರಡು ಅಂಚಿಗೂ ಒಂದೊಂದು ಬಿದಿರಿನ ಗಳ ನೆಟ್ಟು, ತುದಿಗೆ ಹಳೇ ಬಟ್ಟೆ ಕಟ್ಟುತ್ತೇವೆ. ಎರಡು ಗಳದ ನಡುವೆ ಹೋದರೆ ಚಕ್ರದ ಕೆಳಗೆ ರಸ್ತೆ ಇರುತ್ತದೆ.

ಆ ವರ್ಷ ಗಳ ನೆಡುವ ಕೆಲಸ ನನ್ನದು. ಒಂದು ನೆಟ್ಟೆ. ಇನ್ನೊಂದನ್ನು ಅತ್ತೆಯ ಹೀರೇಕಾಯಿ ಚಪ್ಪರಕ್ಕೆ ಕೊಟ್ಟಿದ್ದೆ. ಹೊಸದು ಕಡಿಯಲು ಸೋಮಾರಿತನ. ಒಂದಿದ್ದರೂ ಸಾಕು, ಹೋಗುವಾಗ ಎಡಗೈ ಕಡೆ ಬಿಟ್ಟುಕೊಂಡರಾಯಿತು ಅಂದುಕೊಂಡೆ. ಬರುವಾಗ ಅದೇ ಗಳ ಬಲಗೈ ಕಡೆಗೆ ಬರುತ್ತದೆ ಅನ್ನುವುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನಾನು ಎಂಟನೇ ಕ್ಲಾಸಿನವರೆಗೆ ಹೋದವನು.

ಜೀಪು ನನ್ನದಲ್ಲ, ಮಾವನದು. ಮಾವ ಅಂದರೆ ಅಮ್ಮನ ತಮ್ಮ. ಅತ್ತೆ ಅವನ ಹೆಂಡತಿ. ಅವರಿಗೆ ಮಕ್ಕಳಿಲ್ಲ, ನಾನು ಬೆಳೆದಿದ್ದು ಅವರ ಮನೆಯಲ್ಲೇ. ಹಳೇ ಡೀಸೆಲ್ ಜೀಪು, ಬಾಗಿಲಿಲ್ಲ, ಮೇಲೆ ಟಾರ್ಪಾಲು. ಫೋರ್‌ವೀಲ್ ಹಾಕಿದರೆ ಎಂಥ ಕೆಸರಿನಿಂದಲೂ ಎದ್ದು ಬರುತ್ತಿತ್ತು. ಸಕ್ಕರೆ ಕಾಯಿಲೆಗೆ ಮಾವನ ಬಲಗಣ್ಣು ಮಂಜಾದ ಮೇಲೆ ಓಡಿಸುವುದು ನಾನೇ. "ಈ ಮಳೆಗಾಲ ಕಳೀಲಿ, ಆರ್‌ಸಿ ನಿನ್ ಎಸ್ರಿಗೆ ಮಾಡುಸ್ತೀನಿ" ಅಂದಿದ್ದ. ಅದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಜೀಪಿದ್ದರೆ ದುಡಿದು ತಿನ್ನುತ್ತೇನೆ, ಇಲ್ಲದಿದ್ದರೆ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವ ಕೂಲಿಗೆ ಹೋಗಬೇಕು. ಬೇರೆ ಕೆಲಸ ನನಗೆ ಬರುವುದಿಲ್ಲ.

ಅವತ್ತು ಬೆಳಿಗ್ಗೆ ಅತ್ತೆಯೂ ನಾನೂ ಕುಂಬಳಕಾಯಿ ತರಲು ಹೋದೆವು. ಎರಡು ದಿನ ಬಿಟ್ಟರೆ ಬಳ್ಳಿಯ ಮೇಲೆ ನೀರು ಬರುತ್ತಿತ್ತು. ಹೋಗುವಾಗ ಮೋರಿಯ ಮೇಲೆ ಗೇಣುದ್ದ ನೀರು. ಗಳ ಎಡಕ್ಕೆ, ಸರಿಯಾಗಿ ದಾಟಿದೆ. ಕಾಯಿ ತುಂಬುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು.

"ಬಿರ್‌ಬಿರ್ನೆ ಒಂಡ್ಲಾ, ನಂಗೆ ಈ ನೀರ್ ನೋಡುದ್ರೇ ಆಗಾಕಿಲ್ಲ" ಅಂದಳು ಅತ್ತೆ.

"ಕಣ್ ಮುಚ್ಕೊಂಡ್ ಕೂತ್ಕೊ ಅತ್ತೆ, ನಾನಿಲ್ವಾ?"

ಬಟ್ಟೆ ಕಟ್ಟಿದ ಗಳ ಕಂಡಿತು. ಗಳ ಎಡಕ್ಕೆ ಅನ್ನುವುದೊಂದೇ ತಲೆಯಲ್ಲಿತ್ತು. ಎಡಕ್ಕೆ ಬಿಟ್ಟೆ. ಬಲಗಡೆಯ ಮುಂದಿನ ಚಕ್ರ ಗಾಳಿಗೆ ಇಳಿದ ಹಾಗಾಯಿತು. ಜೀಪು ನನ್ನ ಕಡೆಗೆ ವಾಲಿ ನಿಂತಿತು. ನೀರು ನನ್ನ ತೊಡೆಯ ಮೇಲೆ ಬಂತು. ಅತ್ತೆ ಕಿರುಚಿಕೊಂಡಳು. ಗಾಬರಿಯಲ್ಲಿ ಎಂಜಿನ್ ಆಫ್ ಮಾಡುವ ವೈರ್ ಎಳೆದೆ. ಅದೊಂದೇ ನಾನು ಅವತ್ತು ಮಾಡಿದ ಸರಿಯಾದ ಕೆಲಸ, ಅದೂ ಗೊತ್ತಿಲ್ಲದೆ.

ಅತ್ತೆಯ ಕಡೆ ಮೇಲಕ್ಕೆದ್ದಿತ್ತು. ಅವಳನ್ನು ಹಿಂದಿನಿಂದ ತಳ್ಳಿ ಮೋರಿಯ ಮೇಲೆ ಇಳಿಸಿದೆ. ಮೊಣಕಾಲು ನೀರಿನಲ್ಲಿ ನಿಂತು ಗಳ ತಬ್ಬಿಕೊಂಡಳು.

"ಬಾರ್ಲಾ ಈಚೆಗೆ! ಗಾಡಿ ಆಳಾಗೋಗ್ಲಿ!"

ನಾನು ಹೋಗಲಿಲ್ಲ. ಬಾನೆಟ್ಟು ನೀರಿನಲ್ಲಿತ್ತು. ಆದರೂ ಒಂದು ಸಲ ಸ್ಟಾರ್ಟ್ ಆದರೆ ಫೋರ್‌ವೀಲ್‌ನಲ್ಲಿ ರಿವರ್ಸ್ ತೆಗೆಯುತ್ತೇನೆ ಅನ್ನಿಸಿತು. ಕೀ ತಿರುಗಿಸಿದೆ. ಎಂಜಿನ್ ಅರ್ಧ ಸುತ್ತು ತಿರುಗಿ ನಿಂತಿತು. ಇನ್ನೊಂದು ಸಲ ತಿರುಗಿಸಿದೆ. ಒಳಗೆಲ್ಲೋ ಠಕ್ ಅಂತ ಒಂದು ಸದ್ದು. ಆಮೇಲೆ ಸದ್ದೇ ಇಲ್ಲ. ತಲೆ ಎತ್ತಿದರೆ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಹಾರಿಕೊಂಡೆ. ಜೀಪು ಮೂತಿ ಮುಂದೆ ಮಾಡಿಕೊಂಡು ಮೆಲ್ಲಗೆ ಜಾರಿತು. ಟಾರ್ಪಾಲಿನ ತುದಿ ಮಾತ್ರ ಕಾಣುತ್ತಿತ್ತು. ಕುಂಬಳಕಾಯಿಗಳು ಒಂದೊಂದಾಗಿ ಮೇಲೆ ಬಂದು ತೇಲಿದವು. ಜೀಪು ಮುಳುಗಿತು, ಕಾಯಿ ಒಂದೂ ಮುಳುಗಲಿಲ್ಲ.

ದಡಕ್ಕೆ ಬರುವಷ್ಟರಲ್ಲಿ ಮಾವನಿಗೆ ಸುದ್ದಿ ಹೋಗಿತ್ತು. ಟವಲು ಹೆಗಲಿಗೆ ಹಾಕಿಕೊಂಡು ಬಂದ. ಮೊದಲು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕೇಳಿದ.

"ಎಲ್ಲಿ?"

ನಾನು ಕೈ ತೋರಿಸಿದೆ. ಮಾವ ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ನೋಡಿದ.

"ಗಳ ಎಷ್ಟ್ ನೆಟ್ಟಿದ್ದೆ?"

"ಒಂದು."

ಮಾವ ಟವಲು ತೆಗೆದು ಅತ್ತೆಯ ಹೆಗಲಿಗೆ ಹೊದಿಸಿದ. ಬಯ್ದಿದ್ದರೆ ಚೆನ್ನಾಗಿತ್ತು.

ನೀರು ಏರುತ್ತಲೇ ಇತ್ತು. ಅವತ್ತು ಎಳೆಯದಿದ್ದರೆ ಜೀಪು ಇನ್ನು ಮುಂದಿನ ಬೇಸಿಗೆಗೇ ಮೇಲೆ ಬರುವುದು, ಬರೀ ತುಕ್ಕಾಗಿ. ಬಿಟ್ಟುಬಿಡಿ, ಹಳೇ ಗಾಡಿ ಅಂದವರೂ ಇದ್ದರು. ಮಾವ ಬೀಡಿ ಹಚ್ಚಿ, ಅದು ಮುಗಿಯುವವರೆಗೆ ನೀರನ್ನೇ ನೋಡಿದ. ಬೀಡಿ ಬಿಸಾಡಿ, "ಎಳೀರಿ. ಈಚೆಗ್ ಬಂದ್ಮೇಲೆ ನೋಡವ" ಅಂದ.

ಪಕ್ಕದ ಬೀದಿಯವನ ಟ್ರ್ಯಾಕ್ಟರ್ ಬಂತು. ಅವನು ನನ್ನ ಜೊತೆಗೇ ಓದು ಬಿಟ್ಟವನು.

"ಏನ್ಲಾ, ಜೀಪ್ಗೆ ಮೈ ತೊಳಿಯಾಕ್ ತಂದಿದ್ಯಾ? ಬೆನ್ ಉಜ್ಜಾಯ್ತಾ?"

"ಮುಚ್ಕೊಂಡ್ ಅಗ್ಗ ಕೊಡ್ಲಾ."

ಹಗ್ಗ ಹಿಡಿದು ಮುಳುಗಿದೆ. ನೀರು ಕೆಂಪಗೆ, ಕಣ್ಣು ಬಿಟ್ಟರೂ ಏನೂ ಕಾಣದು. ಹಿಂದಿನ ಕೊಕ್ಕೆ ಎಲ್ಲಿದೆ ಅಂತ ಕೈಯಲ್ಲೇ ತಡಕಬೇಕು. ಎರಡು ಸಲ ಉಸಿರು ಕಟ್ಟಿ ಮೇಲೆ ಬಂದೆ. ಜೀಪು ಇನ್ನೂ ಜಾರುತ್ತಿದೆಯೋ, ನನ್ನ ಮೇಲೇ ಮಗುಚುತ್ತದೆಯೋ ಅಂತ ಭಯ. ಮೂರನೇ ಸಲ ಕೊಕ್ಕೆ ಸಿಕ್ಕಿತು. ಗಂಟು ಹಾಕಿ ಎರಡು ಸಲ ಜಗ್ಗಿದೆ. ಸಂಜೆಯ ಹೊತ್ತಿಗೆ ಜೀಪು ಹಿಂದುಮುಂದಾಗಿ ದಡಕ್ಕೆ ಬಂತು. ಎಲ್ಲ ಕಡೆಯಿಂದ ನೀರು ಸುರಿಯುತ್ತಿತ್ತು. ಸೀಟಿನ ತುಂಬ ಗೋಡು ಮಣ್ಣು.

ಹುಣಸೂರಿನಲ್ಲಿ ಒಬ್ಬರು ಗಾಡಿ ರಿಪೇರಿ ಮೇಸ್ತ್ರಿ ಇದ್ದಾರೆ, ಮಾವನ ಹಳೇ ಸ್ನೇಹಿತರು, ಈ ಜೀಪಿನ ಒಂದೊಂದು ಬೋಲ್ಟೂ ಗೊತ್ತು. ಮಾವ ದಡದಿಂದಲೇ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಕೀ ಮುಟ್ಟಬೇಡಿ ಅಣ್ಣ. ಮೊದ್ಲು ಬ್ಯಾಟ್ರಿ ವೈರ್ ಕಿತ್ತಾಕಿ. ನೀರೊಳಗೆ ಕೀ ತಿರುಗ್ಸಿ ಸೆಲ್ಫ್ ಹೊಡ್ದಿಲ್ಲ ತಾನೆ ಯಾರೂ?"

ಮಾವ ನನ್ನ ಕಡೆ ನೋಡಿದ.

"ಇಲ್ಲ" ಅಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು. ಅತ್ತೆ ಸೀಟಿನ ಗೋಡು ಬಳಿಯುತ್ತಿದ್ದಳು. ಬಳಿಯುವುದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿದಳು.

"ಹಂಗಾದ್ರೆ ಜೀವ ಇದೆ. ನೀರು ತೆಗೆದು, ಆಯಿಲ್ ಬದಲಾಯ್ಸಿ ಸ್ಟಾರ್ಟ್ ಮಾಡಣ. ಸೆಲ್ಫ್ ಹೊಡ್ದಿದ್ರೆ ಮಾತ್ರ ಎಂಜಿನ್ ಬಿಚ್ಚಬೇಕಿತ್ತು. ಒಳಗೆ ನೀರಿದ್ದಾಗ ಪಿಸ್ಟನ್ ಮೇಲೆ ಹೋಗಲ್ಲ, ಅದನ್ನ ತಳ್ಳೋ ರಾಡ್ ಬಗ್ಗುತ್ತೆ. ಬಗ್ಗಿದ ರಾಡಲ್ಲಿ ಓಡ್ಸಿದ್ರೆ ಎಂಜಿನ್ ಹೊಟ್ಟೆ ಒಡ್ಕೊಂಡು ಹೊರಗೆ ಬರುತ್ತೆ."

ಮಾವ ಫೋನ್ ಇಟ್ಟು ಹೇಳಿದ. "ಎಂಜಿನ್ ಬಿಚ್ಚಂಗಿದ್ರೆ ನಂಗೆ ಬ್ಯಾಡ್ವೇ ಬ್ಯಾಡ. ಒಂದ್ಸಲ ಎದೆ ಬಿಚ್ಚುದ್ ಗಾಡಿ ಮುಂದುಕ್ಕೆ ದಾರೀಲಿ ನಿಂತ್ಕತದೆ. ಬಿಳಿಕೆರೆ ಗುಜ್ರಿಯವ್ನಿಗೆ ಏಳ್ಬುಡ್ತೀನಿ, ತೂಕುಕ್ ಆಕ್ಕೊಂಡು ಓಗ್ಲಿ."

ಆಗ ನನಗೆ ಎಲ್ಲ ಅರ್ಥವಾಯಿತು. ನಿಜ ಹೇಳಿದರೆ ಜೀಪು ಗುಜರಿಗೆ. ಹೇಳದಿದ್ದರೆ, ಬಹುಶಃ ಏನೂ ಆಗಿರಲಿಕ್ಕಿಲ್ಲ. ಎರಡೇ ಸಲ ತಿರುಗಿಸಿದ್ದು. ಆ ಠಕ್ ಸದ್ದು ಬ್ಯಾಟರಿಯದಿರಬಹುದು. ಕಲ್ಲು ತಾಗಿದ್ದಿರಬಹುದು.

ಮಾರನೇ ದಿನ ಜೀಪನ್ನು ಲಾರಿಗೆ ಕಟ್ಟಿ ಹುಣಸೂರಿಗೆ ಎಳೆದುಕೊಂಡು ಹೋದೆವು. ಮಾವ ಊರಿಗೆ ವಾಪಸ್ ಹೋದ. ನಾನು ಮೇಸ್ತ್ರಿಯ ಶೆಡ್ಡಿನಲ್ಲೇ ಉಳಿದೆ. ಮೇಸ್ತ್ರಿ ಕೆಳಗಿನ ಬೋಲ್ಟು ಬಿಚ್ಚಿದರು. ಆಯಿಲ್ ಬರಲಿಲ್ಲ, ಹಾಲು ಜಾಸ್ತಿ ಹಾಕಿದ ಟೀ ತರಹ ಏನೋ ಬಂತು. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ, ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ಎಂಜಿನ್ ತಿರುಗಿಸಿದರು. ತೂತುಗಳಿಂದ ನೀರು ಚಿಮ್ಮಿತು. ಎಂಜಿನ್ ತಿರುಗಿತಲ್ಲ ಅಂತ ನನಗೆ ಸ್ವಲ್ಪ ಧೈರ್ಯ ಬಂತು.

"ನೋಡು ತಮ್ಮ, ಎಷ್ಟು ನೈಸಾಗಿ ತಿರುಗುತ್ತೆ. ನೀನು ಕೀ ಮುಟ್ಟದೇ ಇದ್ದಿದ್ದೇ ಬುದ್ಧಿವಂತಿಕೆ. ಬೇರೆ ಹುಡುಗ್ರಾಗಿದ್ರೆ ಅಲ್ಲೇ ಹೊಡ್ದು ಸಾಯ್ಸಿರೋರು."

ನಾನು ಗೋಡು ತೊಳೆಯುವ ನೆಪದಲ್ಲಿ ಜೀಪಿನ ಹಿಂದಕ್ಕೆ ಹೋದೆ.

ಮೂರು ದಿನ ಸೀಟು ತೊಳೆದೆ, ವೈರು ಒರೆಸಿದೆ, ಚಕ್ರ ಬಿಚ್ಚಿ ಬೇರಿಂಗಿಗೆ ಗ್ರೀಸ್ ಹಾಕಿದೆ. ಕೈಗೆ ಕೆಲಸ ಇದ್ದಷ್ಟು ಹೊತ್ತು ಪರವಾಗಿಲ್ಲ. ಊಟಕ್ಕೆ ಕೂತರೆ ಆ ಠಕ್ ಸದ್ದು ನೆನಪಾಗಿ ಅರ್ಧಕ್ಕೇ ಏಳುತ್ತಿದ್ದೆ. ಅತ್ತೆ ದಿನಾ ಫೋನ್ ಮಾಡುತ್ತಿದ್ದಳು. ಉಂಡ್ಯಾ, ಎಲ್ಲಿ ಮಲಗ್ತೀಯಾ ಅಂತ ಕೇಳುತ್ತಿದ್ದಳು. ಮೂರನೇ ದಿನ ಕೊನೆಗೆ ಒಂದು ಮಾತು ಕೇಳಿದಳು.

"ಮೇಸ್ತ್ರಿಗೆ ಎಲ್ಲಾನೂ ಏಳಿದ್ಯಾ ತಾನೆ?"

"ಏನ್ ಎಲ್ಲಾನೂ?"

"ನಂಗೇನ್ ಗೊತ್ತಪ್ಪ, ಗಾಡಿ ವಿಚಾರ" ಅಂದು ಫೋನ್ ಇಟ್ಟಳು.

ನಾಲ್ಕನೇ ದಿನ ಮಾವ ಬಸ್ಸಿನಲ್ಲಿ ಬಂದ. ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿದ್ದ. ಜೇಬಿನಲ್ಲಿ ಜೀಪಿನ ಕಾಗದಗಳ ಪ್ಲಾಸ್ಟಿಕ್ ಕವರು ಕಾಣುತ್ತಿತ್ತು. ಮೇಸ್ತ್ರಿ ನಾಜಲ್ ವಾಪಸ್ ಹಾಕಿ ಹೊಸ ಆಯಿಲ್ ತುಂಬಿದ್ದರು.

"ಹೊಡೀರಿ ಅಣ್ಣ, ನೀವೇ ಹೊಡೀರಿ. ನಿಮ್ಮ ಕೈ ಗೊತ್ತು ಅದಕ್ಕೆ."

ಮಾವ ಡ್ರೈವರ್ ಸೀಟಿಗೆ ಹತ್ತಿದ. ಕಣ್ಣು ಮಂಜಾದ ಮೇಲೆ ಅಲ್ಲಿ ಕೂತಿರಲಿಲ್ಲ. ಸ್ಟೇರಿಂಗನ್ನು ಒಂದು ಸಲ ಸವರಿದ. ಕೀ ಹಾಕುವ ತೂತನ್ನು ಬೆರಳಲ್ಲಿ ಹುಡುಕಿ ಕೀ ಹಾಕಿದ. ನಾನು ಬಾನೆಟ್ಟಿನ ಹತ್ತಿರ ನಿಂತಿದ್ದೆ. ಎಂಜಿನ್ ಒಡೆದರೆ ಕಬ್ಬಿಣ ಯಾವ ಕಡೆಗೆ ಹಾರುತ್ತದೋ ಗೊತ್ತಿಲ್ಲ. ಮಾವನ ಕಾಲು ಎಂಜಿನ್ನಿನ ಬೆನ್ನಿಗೇ ಇತ್ತು.

"ಬ್ಯಾಡ ಮಾವ!"

"ಯಾಕ್ಲಾ?"

"ತಿರುಗುಸ್ಬ್ಯಾಡ. ನಾನ್ ಹೊಡ್ದಿದ್ದೆ. ನೀರೊಳ್ಗೆ."

ಮಾವ ಕೀ ಮೇಲಿನಿಂದ ಕೈ ತೆಗೆದ.

"ಎಷ್ಟ್ ಸಲ?"

"ಎರಡ್ ಸಲ. ಎರಡ್ನೇ ಸಲ ಠಕ್ ಅಂತು."

ಮೇಸ್ತ್ರಿ ಪಾನಾ ನೆಲಕ್ಕೆ ಹಾಕಿದರು. "ಅರೆ, ನಿನ್ ಮಾತು ನಂಬ್ಕೊಂಡು ನಾನು ಅಳತೇನೂ ಮಾಡ್ಲಿಲ್ವಲ್ಲೋ! ಈಗ ಸ್ಟಾರ್ಟ್ ಆಗಿದ್ರೆ?"

ಮತ್ತೆ ನಾಜಲ್ ಬಿಚ್ಚಿದರು. ಒಂದು ಉದ್ದ ತಂತಿಯನ್ನು ಒಂದೊಂದೇ ತೂತಿಗೆ ಇಳಿಸಿ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಉಗುರಿನಲ್ಲಿ ಗುರುತು ಹಿಡಿದರು. ಒಂದು, ಮೂರು, ನಾಲ್ಕು ಒಂದೇ ಸಮ. ಎರಡನೆಯದು ಅಕ್ಕಿ ಕಾಳಿನಷ್ಟು ಕೆಳಗೆ. ಮಾವ ಇಳಿದು ಬಂದು ತಂತಿಯನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದ. ನನ್ನ ಮುಖ ನೋಡಲಿಲ್ಲ.

"ರಾಡ್ ಬಗ್ಗಿದೆ. ಬಿಚ್ಚಬೇಕು ಅಣ್ಣ. ಇಲ್ಲಾ ಗುಜರಿ. ನೀವು ಹೇಳ್ದಂಗೆ."

ಮಾವ ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತ. ಹಿಂದೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಒಂದು ಟೀ ಕುಡಿದ, ಇನ್ನೊಂದು ತರಿಸಿದ. ಗುಜರಿಯವನಿಗೆ ಫೋನ್ ಮಾಡುತ್ತಾನೆ ಅಂತ ಅವನ ಕೈಯನ್ನೇ ನೋಡುತ್ತಿದ್ದೆ. ಮಾಡಲಿಲ್ಲ. ಒಳಗೆ ಬಂದು ಮೇಸ್ತ್ರಿಗೆ ಹೇಳಿದ.

"ಬಿಚ್ಚಿ."

ಆಮೇಲೆ ನನಗೆ: "ನಿಮ್ಮತ್ತೆ ಅವತ್ತೇ ಏಳಿದ್ಲು ಕಣ್ಲಾ. ನೀನಾಗ್ ಏಳ್ತೀಯಾ ಇಲ್ವಾ ಅಂತ ಕಾಯ್ತಿದ್ದೆ. ಇನ್ನೊಂದ್ ಚೂರು ತಡ ಮಾಡಿದ್ರೆ ಕೀ ತಿರುಗುಸ್ದೆ ನಾನೇ ಸೀಟಿಂದ ಇಳೀತಿದ್ದೆ, ಗುಜ್ರಿಯವ್ನ್‌ಗೆ ಫೋನ್ ಮಾಡ್ತಿದ್ದೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ದಿನ ನಾನು ಸುಮ್ಮನೆ ಸತ್ತಿದ್ದೆ. ಟ್ರೇ ಹಿಡಿದುಕೊಂಡು ಜೀಪಿನ ಕೆಳಗೆ ಮಲಗಿದೆ. ಹೊಸ ಆಯಿಲ್ ವಾಪಸ್ ಇಳಿಸಬೇಕಿತ್ತು.

ಜೀಪು ಈಗಲೂ ಓಡುತ್ತದೆ. ಒಂದೆರಡು ಸಲ ಮಾವ ಹೇಳಿದ ಹಾಗೆ ದಾರಿಯಲ್ಲಿ ನಿಂತಿದ್ದೂ ಉಂಟು. ಆರ್‌ಸಿ ಇನ್ನೂ ಮಾವನ ಹೆಸರಲ್ಲೇ ಇದೆ, ನಾನೂ ಕೇಳಿಲ್ಲ. ಕೀಯನ್ನು ಮಾವ ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ. ಮೋರಿಗೆ ಎರಡೂ ಗಳ ನೆಡುತ್ತೇನೆ. ಅತ್ತೆ ದಡದಲ್ಲಿ ನಿಂತು ಎಣಿಸುತ್ತಾಳೆ. ಆದರೂ ಬೆಳಿಗ್ಗೆ ಕೀ ಕೇಳಲು ಹೋದರೆ ಮಾವ ಗಂಟು ಬಿಚ್ಚುವ ಮುಂಚೆ ಒಂದು ಮಾತು ಕೇಳುತ್ತಾನೆ.

"ಗಳ ಯಾವ್ ಕಡೀಕ್ಲಾ?"

"ಓಗೋವಾಗ ಎಡ್ಕೆ. ಬರೋವಾಗ ಬಲುಕ್ಕೆ."

ಈ ಮೋರಿಯೇ ಸಿಗದ ಕೋಟೆ ಪೇಟೆಗೆ ಹೋಗುವುದಾದರೂ ಇದನ್ನು ಹೇಳಬೇಕು. ಹೇಳಿದರೆ ಕೀ ಕೊಡುತ್ತಾನೆ.